ಕ್ಯಾಸಿನಿಯ ಕೊನೆಯ ಇಪ್ಪತ್ತೆರಡು ಸುತ್ತು

ಶನಿಗ್ರಹವನ್ನು ಹತ್ತಿರದಿಂದ ನೋಡಲು ಹೋದ ನಾಸಾದ ಕ್ಯಾಸಿನಿ ನೌಕೆ ಕೆಟ್ಟುನಿಂತಿರಲಿಲ್ಲ. 2017ರ ಸೆಪ್ಟೆಂಬರ್ 15ರಂದು ಅದು ಶನಿಗ್ರಹದೊಳಗೆ ಬಿದ್ದು ಉರಿದುಹೋಯಿತು ಎಂದರೆ ಅದೊಂದು ಅಪಘಾತ ಇರಬೇಕು ಎಂದುಕೊಳ್ಳುವವರು ನನಗೆ ಈಗಲೂ ಸಿಗುತ್ತಾರೆ. ಅದಕ್ಕೇ ಮೊದಲಿಗೆ ಇದನ್ನು ಹೇಳಿಬಿಡುತ್ತೇನೆ. ಅದರ ಕ್ಯಾಮೆರಾಗಳು ಚೆನ್ನಾಗಿಯೇ ಇದ್ದವು. ನಾಲ್ಕು ಮೀಟರ್ ಅಗಲದ ಆಂಟೆನಾ ಭೂಮಿಯ ಜೊತೆ ಮಾತಾಡುತ್ತಲೇ ಇತ್ತು. ಪ್ಲುಟೋನಿಯಂನ ಶಾಖದಿಂದ ವಿದ್ಯುತ್ ತಯಾರಿಸುವ ಮೂರು ಜನರೇಟರುಗಳು ಮೊದಲಿಗಿಂತ ಸೊರಗಿದ್ದರೂ ನಿಂತಿರಲಿಲ್ಲ. ಮುಗಿಯುತ್ತ ಬಂದಿದ್ದದ್ದು ಇಂಧನ. ಅದು ಪೂರ್ತಿ ತೀರುವ ಮೊದಲೇ, ನೌಕೆ ಇನ್ನೂ ಹೇಳಿದ ಮಾತು ಕೇಳುವ ಸ್ಥಿತಿಯಲ್ಲಿರುವಾಗಲೇ, ಅದನ್ನು ಶನಿಯೊಳಗೆ ಇಳಿಸಿ ಮುಗಿಸಬೇಕೆಂದು ಅದನ್ನು ಕಟ್ಟಿದವರೇ ನಿರ್ಧರಿಸಿದರು.

ಯಾಕೆ ಎಂಬುದನ್ನು ಹೇಳಬೇಕಾದರೆ ಎನ್ಸೆಲಾಡಸ್‌ನಿಂದ ಶುರುಮಾಡಬೇಕು.

ಎನ್ಸೆಲಾಡಸ್ ಶನಿಯ ಒಂದು ಸಣ್ಣ ಚಂದ್ರ. ಅಡ್ಡಳತೆ ಸುಮಾರು 500 ಕಿಲೋಮೀಟರ್. ಮೈಯೆಲ್ಲ ಬಿಳಿ ಹಿಮ. ಇಷ್ಟು ಚಿಕ್ಕ ಕಾಯ ಹುಟ್ಟಿದ ಮೇಲೆ ಬೇಗ ತಣ್ಣಗಾಗಿ ಗಟ್ಟಿಯಾಗಿ ಸತ್ತುಹೋಗಿರಬೇಕು ಎಂಬುದೇ ಎಲ್ಲರ ಎಣಿಕೆಯಾಗಿತ್ತು. 1997ರ ಅಕ್ಟೋಬರ್ 15ರಂದು ಕ್ಯಾಸಿನಿ ಭೂಮಿ ಬಿಟ್ಟಾಗ ಅದರ ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದ ಹೆಸರುಗಳು ಶನಿ, ಅದರ ಉಂಗುರಗಳು ಮತ್ತು ಅದರ ಅತಿದೊಡ್ಡ ಚಂದ್ರ ಟೈಟನ್. ಟೈಟನ್ ಮೇಲೆ ಇಳಿಯಲೆಂದೇ ಯುರೋಪಿನ ಹಾಯ್ಗನ್ಸ್ ಶೋಧಕ ಕ್ಯಾಸಿನಿಯ ಪಕ್ಕೆಗೆ ಅಂಟಿಕೊಂಡು ಹೋಗಿತ್ತು. ಜೋಡಿ ಶನಿಯ ಕಕ್ಷೆ ಸೇರಿದ್ದು 2004ರ ಜುಲೈ 1ರಂದು. ಹಾಯ್ಗನ್ಸ್ ಟೈಟನ್ ನೆಲ ಮುಟ್ಟಿದ್ದು 2005ರ ಜನವರಿ 14ರಂದು.

ಅದರ ಮರುತಿಂಗಳು ಕ್ಯಾಸಿನಿ ಎನ್ಸೆಲಾಡಸ್ ಪಕ್ಕದಲ್ಲಿ ಹಾದುಹೋಯಿತು. ಕಾಂತಕ್ಷೇತ್ರ ಅಳೆಯುವ ಉಪಕರಣದಲ್ಲಿ ಒಂದು ವಿಚಿತ್ರ ಕಂಡಿತು. ಶನಿಯ ಕಾಂತರೇಖೆಗಳು ಆ ಪುಟ್ಟ ಚಂದ್ರನ ಸುತ್ತ ಬಾಗಿದ್ದವು, ಅಲ್ಲಿ ಯಾವುದೋ ಅನಿಲ ಅಡ್ಡ ನಿಂತ ಹಾಗೆ. ಆ ಉಪಕರಣದ ತಂಡದ ಮುಖ್ಯಸ್ಥೆ ಮಿಷೆಲ್ ಡೌರ್ಟಿ ಮುಂದಿನ ಸಲ ಇನ್ನಷ್ಟು ಹತ್ತಿರ ಹೋಗೋಣ ಎಂದು ಕೇಳಿದರು. ಒಪ್ಪಿಗೆ ಸಿಕ್ಕಿತು. ಜುಲೈನಲ್ಲಿ ನೌಕೆ ಸುಮಾರು 170 ಕಿಲೋಮೀಟರ್ ಎತ್ತರದಲ್ಲಿ ಹಾದಾಗ ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದನೆಯ ಬಿರುಕುಗಳಿದ್ದವು, ಅವು ಸುತ್ತಲಿನ ಹಿಮಕ್ಕಿಂತ ಬೆಚ್ಚಗಿದ್ದವು. ನವೆಂಬರ್‌ನಲ್ಲಿ ಸೂರ್ಯನನ್ನು ಚಂದ್ರನ ಬೆನ್ನಿಗಿಟ್ಟು ತೆಗೆದ ಚಿತ್ರಗಳಲ್ಲಿ ಆ ಬಿರುಕುಗಳಿಂದ ನೀರಾವಿ ಮತ್ತು ಹಿಮದ ಕಣಗಳು ಚಿಲುಮೆಯಾಗಿ ಆಕಾಶಕ್ಕೆ ಚಿಮ್ಮುತ್ತಿದ್ದದ್ದು ಕಣ್ಣಿಗೇ ಕಂಡಿತು.

ಒಂದು ಉಪಕರಣದ ಗೆರೆ ಸ್ವಲ್ಪ ಸೊಟ್ಟಗಿದೆ ಎಂದು ಒಬ್ಬರಿಗೆ ಅನುಮಾನ ಬಂದಿದ್ದರಿಂದ ಮುಂದಿನ ಹನ್ನೆರಡು ವರ್ಷಗಳ ಪಯಣದ ದಿಕ್ಕೇ ಬದಲಾಯಿತು. ಕ್ಯಾಸಿನಿ ಮತ್ತೆ ಮತ್ತೆ ಎನ್ಸೆಲಾಡಸ್ ಬಳಿ ಹೋಯಿತು, ಆ ಚಿಲುಮೆಗಳ ನಡುವೆಯೇ ತೂರಿಹೋಯಿತು. ಕಣಗಳಲ್ಲಿ ಉಪ್ಪು ಸಿಕ್ಕಿತು, ಇಂಗಾಲದ ಸಂಯುಕ್ತಗಳು ಸಿಕ್ಕವು. ಚಂದ್ರ ತಿರುಗುವಾಗ ಆಗುವ ಅತಿಸಣ್ಣ ತೊನೆತವನ್ನು ಅಳೆದು, ಹಿಮದ ಹೊದಿಕೆಯ ಕೆಳಗೆ ಇಡೀ ಚಂದ್ರವನ್ನು ಸುತ್ತುವರಿದ ಸಾಗರವಿದೆ ಎಂದು ತಿಳಿದರು. 2015ರ ಅಕ್ಟೋಬರ್ 28ರಂದು ನೌಕೆ ನೆಲದಿಂದ ಬರೀ 49 ಕಿಲೋಮೀಟರ್ ಮೇಲೆ ಹಾರಿದಾಗ ಚಿಲುಮೆಯಲ್ಲಿ ಹೈಡ್ರೋಜನ್ ಪತ್ತೆಯಾಯಿತು. ಸಾಗರದ ತಳದಲ್ಲಿ ಬಿಸಿನೀರು ಬಂಡೆಯ ಜೊತೆ ಸೇರಿ ರಾಸಾಯನಿಕ ಕ್ರಿಯೆ ನಡೆಯುತ್ತಿದೆ ಎಂಬುದಕ್ಕೆ ಅದು ಬಲವಾದ ಸುಳಿವು. ನಮ್ಮ ಸಮುದ್ರಗಳ ಆಳದಲ್ಲಿ ಬಿಸಿಲೇ ಕಾಣದ ಜಾಗದಲ್ಲಿ ಕೆಲವು ಸೂಕ್ಷ್ಮಜೀವಿಗಳು ಬದುಕುವುದು ಇಂಥದೇ ಹೈಡ್ರೋಜನ್ ತಿಂದು.

ಹೀಗೆ ಕ್ಯಾಸಿನಿ ತಾನೇ ಕಂಡುಹಿಡಿದದ್ದು ಅದರ ಕೊನೆಯನ್ನೂ ಗೊತ್ತುಮಾಡಿತು. ನನ್ನನ್ನು ಈ ಕತೆಗೆ ಕಟ್ಟಿಹಾಕಿರುವುದು ಇದೇ.

ಇಂಧನ ತೀರಿದ ನೌಕೆಯನ್ನು ಹಾಗೇ ಬಿಟ್ಟರೆ ಅದು ಎಷ್ಟೋ ಕಾಲ ಶನಿಯ ಸುತ್ತ ದಿಕ್ಕಿಲ್ಲದೆ ಅಲೆಯುತ್ತದೆ. ಎಂದಾದರೂ ಒಂದು ದಿನ ಎನ್ಸೆಲಾಡಸ್‌ಗೋ ಟೈಟನ್‌ಗೋ ಬಡಿಯಬಹುದು. ಅದರ ಮೈಮೇಲೆ ಭೂಮಿಯಿಂದ ಹತ್ತಿಕೊಂಡು ಹೋದ ಸೂಕ್ಷ್ಮಜೀವಿಗಳು ಬದುಕಿ ಉಳಿದಿಲ್ಲ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಪ್ಲುಟೋನಿಯಂ ಬೇರೆ ವರ್ಷಗಟ್ಟಲೆ ಬಿಸಿ ಸೂಸುತ್ತಲೇ ಇರುತ್ತದೆ, ಬಿದ್ದ ಕಡೆ ಹಿಮ ಕರಗಿ ನೀರಾಗಬಹುದು. ಅಲ್ಲಿ ಜೀವ ಇದ್ದರೆ ಅದಕ್ಕೆ ನಮ್ಮಿಂದ ಕೇಡಾಗಬಾರದು. ಮುಂದೊಂದು ದಿನ ಯಾರೋ ಹೋಗಿ ಹುಡುಕಿದಾಗ ಸಿಕ್ಕಿದ್ದು ಅಲ್ಲಿಯದೋ ಇಲ್ಲಿಂದ ಹೋದದ್ದೋ ಎಂಬ ಗೊಂದಲವೂ ಉಳಿಯಬಾರದು. ಗುರುಗ್ರಹದ ಗೆಲಿಲಿಯೋ ನೌಕೆಯನ್ನು 2003ರಲ್ಲಿ ಗುರುವಿನೊಳಗೇ ಬೀಳಿಸಿದ್ದೂ ಇದೇ ಕಾರಣಕ್ಕೆ, ಯೂರೋಪಾ ಚಂದ್ರನ ಸಾಗರವನ್ನು ಕಾಪಾಡಲು.

ಬೇರೆ ದಾರಿಗಳನ್ನೂ ಯೋಚಿಸಿದ್ದರು. ಶನಿಯಿಂದ ಬಹುದೂರದ ಒಂದು ಕಕ್ಷೆಯಲ್ಲಿ ನಿಲ್ಲಿಸಿಬಿಡುವುದು, ಶನಿಯನ್ನೇ ಬಿಟ್ಟು ಯುರೇನಸ್ ಕಡೆ ಕಳಿಸುವುದು. ಯುರೇನಸ್ ತಲುಪಲು ಸುಮಾರು ಎರಡು ದಶಕ ಬೇಕಿತ್ತು. ಅದರ ಬದಲು ಉಳಿದ ತೊಟ್ಟು ಇಂಧನವನ್ನು ಶನಿಗೇ ಕೊಟ್ಟರೆ, ಯಾವ ನೌಕೆಯೂ ಹೋಗದ ಜಾಗಕ್ಕೆ ಹೋಗಬಹುದಿತ್ತು. ಶನಿಯ ವಾತಾವರಣದ ಮೇಲಂಚಿಗೂ ಅತ್ಯಂತ ಒಳಗಿನ ಉಂಗುರಕ್ಕೂ ನಡುವೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್‌ಗಳ ಒಂದು ಸಂದಿಯಿದೆ. ಆ ಸಂದಿಯಲ್ಲಿ 22 ಸಲ ನುಗ್ಗಿ ಹೊರಬಂದು, ಆಮೇಲೆ ಒಳಗೆ ಬೀಳುವುದು ಎಂದಾಯಿತು.

ಇದನ್ನು ಮಾಡಿಸಿದ್ದು ಟೈಟನ್. ಕ್ಯಾಸಿನಿಯ ಕಕ್ಷೆಯನ್ನು ತಿರುಗಿಸುವ ದೊಡ್ಡ ಕೆಲಸವೆಲ್ಲ ಮೊದಲಿನಿಂದಲೂ ಟೈಟನ್‌ನ ಗುರುತ್ವವೇ ಮಾಡುತ್ತಿತ್ತು, ಎಂಜಿನ್ನು ಮಾಡುತ್ತಿದ್ದದ್ದು ತಿದ್ದುಪಡಿ ಮಾತ್ರ. 2016ರ ನವೆಂಬರ್ ಕೊನೆಯಿಂದ ನೌಕೆ ಮುಖ್ಯ ಉಂಗುರಗಳ ಹೊರ ಅಂಚನ್ನು ಸವರಿಕೊಂಡು ಇಪ್ಪತ್ತು ಸುತ್ತು ಹಾಕಿತ್ತು. 2017ರ ಏಪ್ರಿಲ್ 22ರಂದು ಟೈಟನ್‌ನಿಂದ ಸುಮಾರು 979 ಕಿಲೋಮೀಟರ್ ದೂರದಲ್ಲಿ ಹಾದಾಗ ಆ ಒಂದೇ ಸೆಳೆತಕ್ಕೆ ಕಕ್ಷೆ ಉಂಗುರಗಳನ್ನು ಹಾರಿ ಒಳಗಿನ ಸಂದಿಗೆ ಬಂದು ಕೂತಿತು. ಅಲ್ಲಿಗೆ ತೀರ್ಮಾನವಾಯಿತು. ಅಂದಿನಿಂದ ಭೂಮಿಯಿಂದ ಒಂದೂ ಆದೇಶ ಹೋಗದಿದ್ದರೂ, ನೌಕೆಯ ಕಂಪ್ಯೂಟರೇ ಕೈಕೊಟ್ಟರೂ, ಸೆಪ್ಟೆಂಬರ್ ಮಧ್ಯದಲ್ಲಿ ಅದು ಶನಿಯೊಳಗೆ ಬೀಳುವುದು ಖಚಿತವಾಗಿತ್ತು. ಅಮೆರಿಕದ ಪ್ಯಾಸಡೀನಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಅದನ್ನು ನಡೆಸುತ್ತಿದ್ದವರು ಮುಂದಿನ ಐದು ತಿಂಗಳು ದಿನಾಂಕ ಬರೆದಿಟ್ಟ ಕೊನೆಯೊಂದರ ಎದುರಿಗೆ ಕೂತು ದಿನನಿತ್ಯದ ಕೆಲಸ ಮಾಡಿದರು. ಅವರಲ್ಲಿ ಕೆಲವರು ಈ ಯೋಜನೆ ಕಾಗದದ ಮೇಲಿದ್ದಾಗಿನಿಂದ ಜೊತೆಗಿದ್ದವರು.

ಮೊದಲ ಧುಮುಕು ಏಪ್ರಿಲ್ 26ರಂದು. ಸಂದಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೆಕೆಂಡಿಗೆ 34 ಕಿಲೋಮೀಟರ್ ವೇಗದಲ್ಲಿ ಮರಳಿನ ಕಣವೊಂದು ತಗುಲಿದರೂ ಉಪಕರಣ ಹಾಳಾಗಬಹುದು. ಅದಕ್ಕೆ ಆ ದೊಡ್ಡ ಆಂಟೆನಾವನ್ನೇ ಗುರಾಣಿಯಂತೆ ಮುಂದೆ ಹಿಡಿದು ನುಗ್ಗುವಂತೆ ಆದೇಶ ಕೊಟ್ಟರು. ಆಂಟೆನಾ ಭೂಮಿಯ ಕಡೆಗಿಲ್ಲದಿದ್ದರೆ ಮಾತುಕತೆಯೂ ಇಲ್ಲ. ಸುಮಾರು ಒಂದು ದಿನ ನೌಕೆಯಿಂದ ಸದ್ದಿಲ್ಲ. ನಮ್ಮಲ್ಲಿ 27ರ ಮಧ್ಯಾಹ್ನವಾದಾಗ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾಕ್ಕೆ ಸಂಕೇತ ಸಿಕ್ಕಿತು. ಶನಿಯ ಮೋಡಗಳಿಂದ ಮೂರು ಸಾವಿರ ಕಿಲೋಮೀಟರ್, ಉಂಗುರದ ಒಳ ಅಂಚಿನಿಂದ ಬರೀ ಮುನ್ನೂರು ಕಿಲೋಮೀಟರ್ ಅಂತರದಲ್ಲಿ ಹಾದು ಕ್ಯಾಸಿನಿ ಹೊರಬಂದಿತ್ತು.

ಆ ದಿನದ ಒಂದು ವಿವರ ನನಗೆ ಬಹಳ ಇಷ್ಟ. ಕ್ಯಾಸಿನಿಯಲ್ಲಿ ರೇಡಿಯೋ ಮತ್ತು ಪ್ಲಾಸ್ಮಾ ಅಲೆಗಳನ್ನು ಗ್ರಹಿಸುವ ಒಂದು ಉಪಕರಣವಿತ್ತು. ಧೂಳಿನ ಕಣ ನೌಕೆಗೆ ಬಡಿದರೆ ಕ್ಷಣದಲ್ಲಿ ಆವಿಯಾಗಿ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಅದನ್ನು ಧ್ವನಿಯಾಗಿ ಬದಲಿಸಿ ಕೇಳಿದರೆ ಚಟಪಟ ಸದ್ದು. ಹಿಂದಿನ ಡಿಸೆಂಬರ್‌ನಲ್ಲಿ ಉಂಗುರದ ಹೊರ ಅಂಚನ್ನು ದಾಟಿದಾಗ ಸೆಕೆಂಡಿಗೆ ನೂರಾರು ಬಡಿತಗಳು ಕೇಳಿದ್ದವು. ಈ ಸಲವೂ ಅಂಥದ್ದನ್ನೇ ನಿರೀಕ್ಷಿಸಿ ಕಿವಿಗೊಟ್ಟರೆ ಏನೂ ಇಲ್ಲ. ಬೇರೆಲ್ಲ ಅಲೆಗಳ ಶಿಳ್ಳೆ, ಗುಂಯ್‌ಗುಡಿತದ ನಡುವೆ ಬೆರಳಲ್ಲಿ ಎಣಿಸುವಷ್ಟು ಟಿಕ್ ಟಿಕ್. ಸಿಕ್ಕಿದ ಕಣಗಳೂ ಹೊಗೆಯ ಕಣಕ್ಕಿಂತ ದೊಡ್ಡವಲ್ಲ. ತಂಡದವರು ಆ ಜಾಗವನ್ನು ಮಹಾ ಖಾಲಿ ಎಂದೇ ಕರೆದರು. ಅಷ್ಟು ದಟ್ಟವಾದ ಉಂಗುರಗಳ ಮಗ್ಗುಲಲ್ಲೇ ಇಷ್ಟು ಚೊಕ್ಕಟವಾದ ಜಾಗ! ಆ ಧ್ವನಿಮುದ್ರಿಕೆ ಅಂತರ್ಜಾಲದಲ್ಲಿದೆ, ಹಿಂದಿನ ಡಿಸೆಂಬರಿನದನ್ನು ಮೊದಲು ಕೇಳಿ, ಆಮೇಲೆ ಇದನ್ನು ಕೇಳಿ.

ಈ ಸುತ್ತುಗಳಿಂದ ಸಿಕ್ಕ ವಿಜ್ಞಾನದಲ್ಲಿ ಉಂಗುರಗಳನ್ನು ತೂಗಿದ ಕತೆಯೇ ನನಗೆ ಎಲ್ಲಕ್ಕಿಂತ ಮೇಲು. ಹದಿಮೂರು ವರ್ಷ ಕ್ಯಾಸಿನಿ ಉಂಗುರಗಳ ಹೊರಗೇ ಸುತ್ತಿತ್ತು. ಹೊರಗಿದ್ದಾಗ ಶನಿಯ ಸೆಳೆತವೂ ಉಂಗುರಗಳ ಸೆಳೆತವೂ ಒಂದೇ ದಿಕ್ಕಿನಲ್ಲಿ ಕಲಸಿಕೊಂಡಿರುತ್ತವೆ, ಯಾವುದು ಎಷ್ಟು ಎಂದು ಬಿಡಿಸಲಾಗದು. ನಡುವಿನ ಸಂದಿಯಲ್ಲಿ ಹಾದಾಗ ಶನಿ ಒಂದು ಕಡೆ ಎಳೆಯುತ್ತದೆ, ಉಂಗುರ ಇನ್ನೊಂದು ಕಡೆ. ಆಗ ನೌಕೆಯ ವೇಗದಲ್ಲಿ ಆಗುವ ಅತಿಸಣ್ಣ ಏರಿಳಿತ ರೇಡಿಯೋ ಅಲೆಯ ಆವರ್ತನದಲ್ಲಿ ಮೂಡುತ್ತದೆ. ಸೆಕೆಂಡಿಗೆ ಮಿಲಿಮೀಟರಿನ ಸಣ್ಣದೊಂದು ಪಾಲಿನಷ್ಟು ವ್ಯತ್ಯಾಸವನ್ನೂ ಭೂಮಿಯ ಆಂಟೆನಾಗಳು ಹಿಡಿದವು. ಲೆಕ್ಕ ಹಾಕಿದಾಗ ಉಂಗುರಗಳ ಒಟ್ಟು ತೂಕ ಮೀಮಾಸ್ ಎಂಬ ಸಣ್ಣ ಚಂದ್ರನ ಐದನೆಯ ಎರಡು ಭಾಗದಷ್ಟು ಎಂದು ಬಂತು.

ತೂಕ ಗೊತ್ತಾದರೆ ವಯಸ್ಸಿನ ಅಂದಾಜೂ ಸಿಗುತ್ತದೆ. ಉಂಗುರಗಳು ಹೆಚ್ಚೂಕಡಿಮೆ ಶುದ್ಧ ನೀರಿನ ಹಿಮ. ಹೊರಗಿನಿಂದ ಧೂಳು ಸತತವಾಗಿ ಬೀಳುತ್ತಲೇ ಇರುವಾಗ ಇಷ್ಟು ಕಡಿಮೆ ಹಿಮ ಇನ್ನೂ ಇಷ್ಟು ಬೆಳ್ಳಗೆ ಉಳಿದಿದೆ ಎಂದರೆ ಅದು ಹಳೆಯದಾಗಿರಲಾರದು, ಒಂದರಿಂದ ಹತ್ತು ಕೋಟಿ ವರ್ಷ ಇದ್ದೀತು ಎಂಬುದು ಒಂದು ವಾದ. ಕೊಳೆಯನ್ನು ಉಂಗುರಗಳು ಬೇರೆ ರೀತಿಯಲ್ಲಿ ಕಳೆದುಕೊಳ್ಳುತ್ತಿರಬಹುದು, ಅಷ್ಟಕ್ಕೇ ಚಿಕ್ಕ ವಯಸ್ಸು ಎನ್ನಬೇಡಿ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ನಡೆದಿದೆ. ಮೊದಲ ವಾದ ನಿಜವಾದರೆ, ಡೈನೋಸಾರ್‌ಗಳು ಭೂಮಿಯ ಮೇಲೆ ಓಡಾಡಿದ ಕಾಲದ ಬಹುಪಾಲು ಶನಿಗೆ ಉಂಗುರಗಳೇ ಇರಲಿಲ್ಲ. ಕೋಟಿಗಟ್ಟಲೆ ವರ್ಷಗಳ ಈ ಲೆಕ್ಕದಲ್ಲಿ ಮನುಷ್ಯರು ದೂರದರ್ಶಕ ಹಿಡಿದು ಆಕಾಶ ನೋಡುವ ಹೊತ್ತಿಗೆ ಉಂಗುರಗಳೂ ಇದ್ದವಲ್ಲ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವು ಕರಗುತ್ತಲೂ ಇವೆ. ಉಂಗುರಗಳಿಂದ ಶನಿಯ ಸಮಭಾಜಕದ ಮೇಲೆ ನೀರು, ಮೀಥೇನ್, ಅಮೋನಿಯಾ, ಇಂಗಾಲದ ಸಂಯುಕ್ತಗಳು ಮಳೆಯ ಹಾಗೆ ಸುರಿಯುತ್ತಿರುವುದನ್ನು ಕ್ಯಾಸಿನಿ ಆ ಕೊನೆಯ ಸುತ್ತುಗಳಲ್ಲಿ ತನ್ನ ಉಪಕರಣದಲ್ಲೇ ಹಿಡಿದು ನೋಡಿತು.

ಕಾಂತಕ್ಷೇತ್ರ ಒಗಟಾಗಿಯೇ ಉಳಿಯಿತು. ಭೂಮಿಯ ಕಾಂತ ಅಕ್ಷ ತಿರುಗುವ ಅಕ್ಷಕ್ಕಿಂತ ಹತ್ತು ಡಿಗ್ರಿಯಷ್ಟು ವಾಲಿದ್ದರೆ ಶನಿಯದು ಡಿಗ್ರಿಯ ನೂರನೇ ಒಂದು ಪಾಲೂ ವಾಲಿಲ್ಲ. ನಮಗೆ ಗೊತ್ತಿರುವ ಸಿದ್ಧಾಂತಗಳ ಪ್ರಕಾರ ವಾಲಿರಲೇಬೇಕು.

ಆಗಸ್ಟ್ ಮಧ್ಯದಿಂದ ಕೊನೆಯ ಐದು ಸುತ್ತುಗಳಲ್ಲಿ ನೌಕೆ ಶನಿಯ ವಾತಾವರಣದ ಮೇಲ್ಪದರವನ್ನೇ ಸವರಿಕೊಂಡು ಹೋಯಿತು. ಸೆಪ್ಟೆಂಬರ್ 11ರಂದು ಟೈಟನ್‌ನಿಂದ ಸುಮಾರು 1,19,000 ಕಿಲೋಮೀಟರ್ ದೂರದಲ್ಲಿ ಹಾದಾಗ ಅದರ ಸೆಳೆತಕ್ಕೆ ವೇಗ ತುಸು ಕುಗ್ಗಿತು. ಅಷ್ಟು ಕುಗ್ಗಿದ್ದೇ ಸಾಕು, ಮುಂದಿನ ಸಲ ಶನಿಯನ್ನು ಸವರಿ ಹೊರಬರುವುದು ಇನ್ನಾಗದು. ಹದಿಮೂರು ವರ್ಷ ದಾರಿ ತೋರಿಸಿದ ಟೈಟನ್‌ಗೆ ತಂಡದವರು ಅದನ್ನು ಬೀಳ್ಕೊಡುಗೆಯ ಮುತ್ತು ಎಂದರು.

13 ಮತ್ತು 14ರಂದು ಕೊನೆಯ ಚಿತ್ರಗಳು. ಶನಿಯ ಅಂಚಿನ ಹಿಂದೆ ಮುಳುಗುತ್ತಿರುವ ಎನ್ಸೆಲಾಡಸ್, ಟೈಟನ್, ಉಂಗುರಗಳು. ಎಲ್ಲಕ್ಕಿಂತ ಕೊನೆಯದು, ಮರುದಿನ ತಾನು ಬೀಳಲಿರುವ ಜಾಗದ ಕಡೆಗೇ ಕ್ಯಾಮೆರಾ ತಿರುಗಿಸಿ ತೆಗೆದದ್ದು. ನೋಡಲು ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಬೂದು ಬಣ್ಣದ ಮಸುಕು ಚಿತ್ರ. ಆಗ ಅಲ್ಲಿ ರಾತ್ರಿ. ಉಂಗುರಗಳಿಗೆ ಬಡಿದು ಮರಳಿದ ಬಿಸಿಲು ಬೆಳದಿಂಗಳಿನಂತೆ ಆ ಮೋಡಗಳ ಮೇಲೆ ಬಿದ್ದಿದೆ, ಅಷ್ಟೇ ಬೆಳಕು. ನೌಕೆ ಅಲ್ಲಿಗೆ ತಲುಪುವ ಹೊತ್ತಿಗೆ ಶನಿ ತಿರುಗಿ ಆ ಜಾಗ ಹಗಲಿಗೆ ಬಂದಿತ್ತು.

ಬೀಳುವಾಗ ಚಿತ್ರ ಯಾಕೆ ತೆಗೆಯಲಿಲ್ಲ ಎಂದು ಆಗ ತುಂಬ ಜನ ಕೇಳುತ್ತಿದ್ದರು. ಮಾಮೂಲಿಯಾಗಿ ಕ್ಯಾಸಿನಿ ಎಲ್ಲವನ್ನೂ ತನ್ನಲ್ಲೇ ದಾಖಲಿಸಿಕೊಂಡು ಆಮೇಲೆ ನಿಧಾನವಾಗಿ ಕಳಿಸುತ್ತಿತ್ತು. ಈ ಸಲ ಆಮೇಲೆ ಎಂಬುದೇ ಇರಲಿಲ್ಲ. ಕೊನೆಯ ಗಂಟೆಗಳಲ್ಲಿ ಅಳೆದದ್ದನ್ನು ಅಳೆದ ಹಾಗೇ ಕಳಿಸಬೇಕಿತ್ತು, ಸೆಕೆಂಡಿಗೆ ಸುಮಾರು 27 ಕಿಲೋಬಿಟ್ ವೇಗದಲ್ಲಿ. ಆ ಸಣ್ಣ ಕಿಂಡಿಯಲ್ಲಿ ಚಿತ್ರ ತೂರಿಸುವುದಕ್ಕಿಂತ ಶನಿಯ ಗಾಳಿಯಲ್ಲಿ ಏನೇನಿದೆ ಎಂದು ಅಳೆದು ಕಳಿಸುವುದೇ ಹೆಚ್ಚು ಎಂದು ತೀರ್ಮಾನಿಸಿದರು. ಕ್ಯಾಮೆರಾ ಮುಚ್ಚಿದರು. ಎಂಟು ಉಪಕರಣಗಳು ತೆರೆದಿದ್ದವು. ಅಣುಗಳನ್ನು ತೂಗುವ ಉಪಕರಣದ ಬಾಯಿ ನೇರವಾಗಿ ಗಾಳಿಗೆ ಒಡ್ಡಿಕೊಳ್ಳುವಂತೆ ನೌಕೆಯನ್ನು ಹೊರಳಿಸಿದರು. ಆ ನಿರ್ಧಾರ ನನಗೆ ಸರಿ ಅನ್ನಿಸುತ್ತದೆ. ಒಂದು ಸುಂದರ ಚಿತ್ರ ಸಿಕ್ಕಿದ್ದರೆ ನಾವೆಲ್ಲ ಹಂಚಿಕೊಳ್ಳುತ್ತಿದ್ದೆವು, ನಿಜ. ಆದರೆ ಶನಿಯ ಗಾಳಿಯನ್ನು ಮುಟ್ಟಿ ನೋಡುವ ಅವಕಾಶ ಮತ್ತೆ ಯಾವಾಗಲೋ.

ಆ ಶುಕ್ರವಾರ ನಮ್ಮಲ್ಲಿ ಇಂಜಿನಿಯರುಗಳ ದಿನ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಬೆಳಗ್ಗೆ ಆಫೀಸಿನಲ್ಲಿ ಅವರ ಫೋಟೋಗೆ ಹಾರ ಹಾಕಿ ಸಿಹಿ ಹಂಚಿದ್ದರು. ಸಂಜೆ ನಾನು ಬೇಗ ಮನೆಗೆ ಬಂದು ನೇರಪ್ರಸಾರ ಹಾಕಿಕೊಂಡು ಕೂತೆ. ಪರದೆಯ ಮೇಲೆ ನಿಯಂತ್ರಣ ಕೊಠಡಿ, ಒಂದೇ ಬಗೆಯ ಅಂಗಿ ತೊಟ್ಟವರು, ಒಂದು ಮೂಲೆಯಲ್ಲಿ ಹಸಿರು ಗೆರೆ. ಆ ಗೆರೆಯ ನಡುವೆ ಎದ್ದುನಿಂತ ಮೊನೆಯೇ ಕ್ಯಾಸಿನಿಯ ರೇಡಿಯೋ ಸಂಕೇತ. ಅದನ್ನು ಹಿಡಿಯುತ್ತಿದ್ದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಆಂಟೆನಾ. ಶನಿಯಿಂದ ಬೆಳಕು ಇಲ್ಲಿಗೆ ಬರಲು ಅಂದು 83 ನಿಮಿಷ. ಅಲ್ಲಿ ನೌಕೆ ಉರಿದುಹೋದಾಗ ನಮ್ಮ ಗಡಿಯಾರದಲ್ಲಿ ನಾಲ್ಕು ಗಂಟೆ ಆಗಿತ್ತಷ್ಟೆ, ನಾನಿನ್ನೂ ಆಫೀಸಿನಲ್ಲೇ ಇದ್ದೆ.

ಆ ಕೊನೆಯ ನಿಮಿಷಗಳಲ್ಲಿ ಅಲ್ಲಿ ನಡೆದದ್ದು ಆಮೇಲೆ ದತ್ತಾಂಶ ಬಿಡಿಸಿದಾಗ ಗೊತ್ತಾಯಿತು. ಮೋಡಗಳಿಂದ ಸುಮಾರು 1,900 ಕಿಲೋಮೀಟರ್ ಮೇಲೆ ನೌಕೆಗೆ ಗಾಳಿಯ ಒತ್ತಡ ತಟ್ಟತೊಡಗಿತು. ಅದರ ಮೈಯಿಂದ ಹನ್ನೊಂದು ಮೀಟರ್ ಉದ್ದದ ಒಂದು ತೋಳು ಚಾಚಿಕೊಂಡಿತ್ತು, ಕಾಂತಕ್ಷೇತ್ರ ಅಳೆಯುವ ಉಪಕರಣ ಹೊತ್ತ ತೋಳು, ಎನ್ಸೆಲಾಡಸ್ ಸುಳಿವು ಮೊದಲು ಹಿಡಿದದ್ದೂ ಅದೇ. ಗಾಳಿ ಆ ತೋಳನ್ನು ಹಿಡಿದು ಇಡೀ ನೌಕೆಯನ್ನು ಹಿಂದಕ್ಕೆ ತಿರುವತೊಡಗಿತು. ತಿರುಗಿದರೆ ಆಂಟೆನಾ ಭೂಮಿಯಿಂದ ಆಚೆ ಹೋಗುತ್ತದೆ, ಸಂಪರ್ಕ ತಪ್ಪುತ್ತದೆ. ಅದನ್ನು ತಡೆಯಲು ಇದ್ದದ್ದು ಅನಿಲ ಊದಿ ನೌಕೆಯನ್ನು ತಿರುಗಿಸುವ ಪುಟ್ಟ ಥ್ರಸ್ಟರುಗಳು. ಒಂದೊಂದರ ಬಲ ಅಂಗೈಯಲ್ಲಿ ನೂರು ಗ್ರಾಂ ಬೆಲ್ಲದ ಅಚ್ಚು ಇಟ್ಟುಕೊಂಡಷ್ಟು, ತಡೆಯಬೇಕಿದ್ದದ್ದು ಎರಡು ಟನ್ನಿಗೂ ಮಿಕ್ಕಿದ ತೂಕವನ್ನು. ಕ್ಯಾಸಿನಿ ತಾನಾಗಿಯೇ ಅವನ್ನು ಊದಿಸಿತು. ಒಂದು ನಿಮಿಷದೊಳಗೆ ಹತ್ತು ಪರ್ಸೆಂಟಿನಿಂದ ನೂರಕ್ಕೆ ಏರಿಸಿತು. ಕೊನೆಯ ಇಪ್ಪತ್ತು ಸೆಕೆಂಡು ಪೂರ್ತಿ ಬಲ. ಕೊನೆಯ ಎಂಟು ಸೆಕೆಂಡಿನಲ್ಲಿ ಅದು ನಿಧಾನವಾಗಿ ಹಿಂದಕ್ಕೆ ವಾಲತೊಡಗಿತು. ಎಣಿಸಿದ್ದಕ್ಕಿಂತ ಸುಮಾರು ಅರ್ಧ ನಿಮಿಷ ಹೆಚ್ಚು ತಾಳಿತ್ತು. ಆ ಅರ್ಧ ನಿಮಿಷದ ದತ್ತಾಂಶವೂ ಭೂಮಿಗೆ ಬಂತು.

ಸಂಜೆ 5 ಗಂಟೆ 25 ನಿಮಿಷ 46 ಸೆಕೆಂಡಿಗೆ ಸಂಕೇತ ನಿಂತಿತು. ಹಸಿರು ಮೊನೆ ಕುಗ್ಗಿ ಗೆರೆಯಲ್ಲಿ ಸೇರಿಹೋಯಿತು. ಯೋಜನೆಯ ವ್ಯವಸ್ಥಾಪಕ ಅರ್ಲ್ ಮೇಯ್ಸ್ ತಂಡಕ್ಕೆ ಅಭಿನಂದನೆ ಹೇಳಿ, ಯಾನ ಇಲ್ಲಿಗೆ ಮುಗಿಯಿತು ಎಂದು ಘೋಷಿಸಿದರು. ಕೊಠಡಿಯಲ್ಲಿದ್ದವರು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನ ಕಣ್ಣೂ ತುಂಬಿತ್ತು.

ನಮ್ಮ ಮಂಗಳಯಾನದ ಕೊನೆ ಹೀಗಿರಲಿಲ್ಲ. ಆರು ತಿಂಗಳಿಗೆಂದು ಹೋದದ್ದು ಎಂಟು ವರ್ಷ ಮಂಗಳನ ಸುತ್ತ ದುಡಿಯಿತು. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣದ ನೆರಳಿಗೆ ಸಿಕ್ಕಿ ಸಂಪರ್ಕ ತಪ್ಪಿತು. ಇಂಧನ ತೀರಿರಬೇಕು, ಇನ್ನು ಅದನ್ನು ಮರಳಿ ಪಡೆಯಲಾಗದು ಎಂದು ಇಸ್ರೋ ಅಕ್ಟೋಬರ್‌ನಲ್ಲಿ ತಿಳಿಸಿತು. ಹೆಚ್ಚಿನ ನೌಕೆಗಳು ಮುಗಿಯುವುದು ಹಾಗೇ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ ದೊಡ್ಡ ಆಂಟೆನಾಗಳ ಕೆಳಗೆ ಕೂತು, ಬಾರದ ಸಂಕೇತಕ್ಕಾಗಿ ಕಾದವರ ಬಗ್ಗೆ ನಾವು ಇನ್ನೂ ಸರಿಯಾಗಿ ಬರೆದಿಲ್ಲ. ಬರೆಯಬೇಕು.

ಕ್ಯಾಸಿನಿ ಕಳಿಸಿದ್ದರ ಓದು ಇನ್ನೂ ಮುಗಿದಿಲ್ಲ. 2023ರಲ್ಲಿ ಹಳೆಯ ದತ್ತಾಂಶವನ್ನೇ ಮತ್ತೆ ಜಾಲಾಡಿ ಎನ್ಸೆಲಾಡಸ್‌ನ ಹಿಮಕಣಗಳಲ್ಲಿ ಫಾಸ್ಫೇಟ್ ಕಂಡುಹಿಡಿದರು. ನಮ್ಮ ಡಿಎನ್‌ಎಗೂ ಮೂಳೆಗೂ ಬೇಕಾದ ರಂಜಕ ಆ ಸಾಗರದಲ್ಲಿದೆ ಎಂದಾಯಿತು. 2008ರ ಒಂದು ಹಾರಾಟದ ಕಣಗಳಿಂದ ಇನ್ನಷ್ಟು ಇಂಗಾಲದ ಸಂಯುಕ್ತಗಳನ್ನು ಗುರುತಿಸಿದ್ದು 2025ರಲ್ಲಿ. ಆ ಹಾರಾಟ ನಡೆದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಈಗ ಸಂಶೋಧನೆಗೆ ಸೇರುವ ವಯಸ್ಸಿನಲ್ಲಿದೆ. ಅಂಥವರಿಗೂ ಆಗುವಷ್ಟು ಕೆಲಸ ಆ ದತ್ತಾಂಶದಲ್ಲಿ ಬಾಕಿಯಿದೆ.

ಸದ್ಯಕ್ಕೆ ಶನಿಯ ಬಳಿ ನಮ್ಮದೊಂದೂ ನೌಕೆಯಿಲ್ಲ. ಮುಂದೆ ಹೋಗಲಿರುವುದು ಡ್ರಾಗನ್‌ಫ್ಲೈ, ಟೈಟನ್‌ನ ದಟ್ಟ ಗಾಳಿಯಲ್ಲಿ ಎಂಟು ರೋಟರುಗಳಿಂದ ಹಾರಾಡುವ ಶೋಧಕ. 2028ರಲ್ಲಿ ಹೊರಟು 2034ರಲ್ಲಿ ತಲುಪುವುದೆಂದು ಯೋಜನೆ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ, ನಮ್ಮಲ್ಲಿ ಸಾಡೇಸಾತಿಯ ಏಳೂವರೆ ವರ್ಷದ ಲೆಕ್ಕ ಬಂದದ್ದೂ ಇದರಿಂದಲೇ. ಹಾಯ್ಗನ್ಸ್ ಇಳಿದ 2005ಕ್ಕೂ ಡ್ರಾಗನ್‌ಫ್ಲೈ ತಲುಪುವ 2034ಕ್ಕೂ ನಡುವೆ ಶನಿಗೆ ಹೆಚ್ಚುಕಡಿಮೆ ಸರಿಯಾಗಿ ಒಂದು ವರ್ಷ. ಅಂದರೆ ಟೈಟನ್‌ನಲ್ಲಿ ಆಗ ಹಾಯ್ಗನ್ಸ್ ಕಂಡ ಋತುವೇ ಇರುತ್ತದೆ. ಗಾಳಿ ಹೇಗಿರುತ್ತದೆ, ಇಳಿಯಲು ಯಾವ ಜಾಗ ಒಳ್ಳೆಯದು ಎಂದು ಡ್ರಾಗನ್‌ಫ್ಲೈ ತಂಡ ಲೆಕ್ಕ ಹಾಕುತ್ತಿರುವುದು ಕ್ಯಾಸಿನಿ ಹದಿಮೂರು ವರ್ಷ ಕಳಿಸಿದ ಅಳತೆಗಳನ್ನು ಮುಂದಿಟ್ಟುಕೊಂಡೇ.